ಹಾಡ್ಲಿಕ್ಕೆ ಡಿಗ್ರಿ ಬೇಕೇನ್ರಿ?

ಯಾದಗಿರಿ, ಶಹಾಪುರ, ಸುರಪುರದಾಗ ಹಾಡ್ಕೊಂಡೇ ಬದುಕಬೇಕು ಅನ್ನೋರಿಗೆ ಈ ಒಂದು ನಿಮಿಷ.

ಗಂಗೂಬಾಯಿ ಹಾನಗಲ್ ಪ್ರಾಥಮಿಕ ಶಾಲೆ ದಾಟಲಿಲ್ಲ. ಇವತ್ತು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು! ಹಾಗಂತ ಕಲೀದೇ ಹಾಡಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ವರ್ಷಗಟ್ಟಲೆ ಕಲಿತರು.

ಸರ್ಟಿಫಿಕೇಟ್ ಎಲ್ಲಿ ಬೇಕು? ಸಂಗೀತ ಶಿಕ್ಷಕರ ನೌಕರಿಗೆ. ಅದಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಅಥವಾ ಸಂಗೀತ ಪದವಿ ನೆರವಾಗುತ್ತೆ. ಕಾಲೇಜಿನಲ್ಲಿ ಪಾಠ ಮಾಡೋಕೆ ಸ್ನಾತಕೋತ್ತರ ಪದವಿ ಬೇಕು.

ಎಲ್ಲಿ ಬೇಡ? ಆಕಾಶವಾಣಿಯಲ್ಲಿ ಆಡಿಷನ್ ಕೇಳಿ ಗ್ರೇಡ್ ಕೊಡ್ತಾರೆ, ಪದವಿ ನೋಡಿ ಅಲ್ಲ. ಕಲಬುರಗಿ, ರಾಯಚೂರಲ್ಲಿ ಕೇಂದ್ರಗಳಿವೆ. ಭಜನೆ, ತತ್ವಪದ, ಜಾತ್ರೆ, ಯೂಟ್ಯೂಬ್‌ನಲ್ಲೂ ಅಂಕಪಟ್ಟಿ ಯಾರೂ ಕೇಳಲ್ಲ.

ಕೈಯಲ್ಲಿ ದುಡ್ಡಿಲ್ವಾ? ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಿರಲಿ. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು.

ಸ್ವಂತ ಹಾಡು ಬರೀತೀರಾ? 2012ರ ಕಾಪಿರೈಟ್ ತಿದ್ದುಪಡಿ ಸಾಹಿತಿಗೂ ಸಂಗೀತಗಾರರಿಗೂ ರಾಯಲ್ಟಿ ಹಕ್ಕು ಕೊಟ್ಟಿದೆ. ಸಹಿ ಹಾಕೋ ಮುಂಚೆ ಒಪ್ಪಂದ ಓದಿ.

ಒಟ್ಟಿನಲ್ಲಿ, ಪದವಿ ನೌಕರಿಗೆ ದಾರಿ, ಗುರು ಹಾಡಿಗೆ ದಾರಿ. ನೀವು ಯಾರ ಹತ್ತಿರ ಕಲೀತಿದ್ದೀರಿ? ಕಾಮೆಂಟ್ ಮಾಡಿ.