10ನೇ ನಂಬರ್ ಜೆರ್ಸಿ ಇನ್ನು ಯಾರಿಗೂ ಇಲ್ಲವೇ?

ಅಂತರ ಕಾಲೇಜು ಟೂರ್ನಮೆಂಟ್ ಹತ್ತಿರ ಬಂತೆಂದರೆ ಬಿ.ಸಿ.ರೋಡಿನಲ್ಲಿ ಜೆರ್ಸಿ ಪ್ರಿಂಟ್ ಮಾಡುವ ಅಂಗಡಿಯವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಮೊನ್ನೆ ಅಂಥದೊಂದು ಅಂಗಡಿಯಲ್ಲಿ ನಾವು ನಿಂತಿದ್ದಾಗ ಕಾಲೇಜು ಹುಡುಗರ ಗುಂಪೊಂದು ಬಂತು. ಕೈಯಲ್ಲಿ ಫುಟ್ಬಾಲ್ ಟೀಮಿನ ಪಟ್ಟಿ. 10ನೇ ನಂಬರಿನ ಎದುರು ಮೂರು ಹೆಸರು ಬರೆದು ಮೂರನ್ನೂ ಹೊಡೆದು ಹಾಕಲಾಗಿತ್ತು.

"ಈ ವರ್ಷ ಹತ್ತು ಯಾರಿಗೂ ಇಲ್ಲ. ಅದು ಹೋದ ವರ್ಷ ಪಾಸಾಗಿ ಹೋದ ಸೀನಿಯರ್‌ದ್ದು. ರಿಟೈರ್ ಮಾಡಿದ್ದೇವೆ" ಎಂದ ಕ್ಯಾಪ್ಟನ್.

"ರಿಟೈರ್ ಮಾಡಿದ್ದು ಯಾರು ಕಾಕ? ಮೀಟಿಂಗ್ ಯಾವಾಗ ಆಯ್ತು?" ಎಂದು ಕೇಳಿದ ಮೊದಲ ವರ್ಷದ ಹುಡುಗ.

ಕ್ಯಾಪ್ಟನ್ ಬಳಿ ಉತ್ತರ ಇರಲಿಲ್ಲ. "ಮಕ್ಕಳೇ, ನಂಬರ್ ಫಿಕ್ಸ್ ಮಾಡಿ ನಾಳೆ ಬನ್ನಿ" ಎಂದು ಅಂಗಡಿಯವರು ಮುಂದಿನ ಗಿರಾಕಿಯ ಕಡೆ ತಿರುಗಿದರು. ಆ ಹುಡುಗನ ಪ್ರಶ್ನೆ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು. ಒಂದು ನಂಬರನ್ನು ಇನ್ನು ಯಾರೂ ತೊಡಬಾರದು ಎಂದು ತೀರ್ಮಾನಿಸುವವರು ಯಾರು? ಯಾವ ಲೆಕ್ಕದಲ್ಲಿ?

ಮೊದಲೆಲ್ಲ ನಂಬರ್ ಆಟಗಾರನದ್ದಲ್ಲ, ಅವನು ನಿಲ್ಲುವ ಜಾಗದ್ದು. ಗೋಲ್ ಕೀಪರ್ ಎಂದರೆ 1, ಸೆಂಟರ್ ಫಾರ್ವರ್ಡ್ ಎಂದರೆ 9. ವಿಶ್ವಕಪ್‌ನಲ್ಲಿ ಇಡೀ ಟೂರ್ನಿಗೆ ಒಬ್ಬನಿಗೆ ಒಂದೇ ನಂಬರ್ ಎಂಬ ಪದ್ಧತಿ ಬಂದದ್ದು 1954ರಲ್ಲಿ. ಆಮೇಲೆ ನಂಬರಿಗೂ ಹೆಸರಿಗೂ ನಂಟು ಬೆಳೆಯಿತು. ಇಟಲಿಯ ನಾಪೋಲಿ ಕ್ಲಬ್ ಮರಡೋನಾ ಅವರ 10ನ್ನು 2000ರಲ್ಲಿ ಎತ್ತಿಟ್ಟಿತು. ಅರ್ಜೆಂಟೀನಾ ಕೂಡ 2002ರ ವಿಶ್ವಕಪ್‌ಗೆ ಹಾಗೆಯೇ ಮಾಡಲು ಹೊರಟಾಗ ಫಿಫಾ ಒಪ್ಪಲಿಲ್ಲ. 23 ಆಟಗಾರರಿಗೆ 1ರಿಂದ 23ರವರೆಗೆ ನಂಬರ್ ಇರಲೇಬೇಕು ಎಂಬುದು ಆಗಿನ ನಿಯಮವಾಗಿತ್ತು. ಕೊನೆಗೆ 10 ತೊಟ್ಟು ಆಡಿದ್ದು ಒರ್ಟೆಗಾ.

ನಮ್ಮ ದೇಶದಲ್ಲೂ ಇದು ಹೊಸದಲ್ಲ. ಸಚಿನ್ ಅವರ 10ನ್ನು 2017ರಲ್ಲಿ ಶಾರ್ದೂಲ್ ಠಾಕೂರ್ ತೊಟ್ಟಾಗ ಅಭಿಮಾನಿಗಳು ಸಿಟ್ಟಾದರು. ಆಮೇಲೆ ಆ ನಂಬರ್ ಯಾರಿಗೂ ಸಿಗಲಿಲ್ಲ. ಹಾಕಿ ಗೋಲ್ ಕೀಪರ್ ಶ್ರೀಜೇಶ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ನಿವೃತ್ತರಾದಾಗ ಹಾಕಿ ಇಂಡಿಯಾ 16ನೇ ನಂಬರನ್ನು ಹಿರಿಯರ ತಂಡದಲ್ಲಿ ಮಾತ್ರ ನಿಲ್ಲಿಸಿತು. ಜೂನಿಯರ್ ತಂಡದಲ್ಲಿ ಅದು ಮುಂದುವರಿಯುತ್ತದೆ. ದೊಡ್ಡವರ ನಂಬರನ್ನು ಕಿರಿಯರ ಕೈಗೆ ಕೊಟ್ಟ ಆ ಬುದ್ಧಿ ನಮಗೆ ಹಿಡಿಸಿತು.

ಕಾಲೇಜು ಆಟಗಾರರ ನಂಬರನ್ನು ಹೀಗೆ ಗೌರವಿಸುವ ಪದ್ಧತಿ ಬಲವಾಗಿರುವುದು ಅಮೆರಿಕದಲ್ಲಿ. ಅಲ್ಲಿನ ಫುಟ್ಬಾಲ್ ನಮ್ಮ ಕಾಲ್ಚೆಂಡು ಅಲ್ಲ, ಬೇರೆಯೇ ಆಟ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 44ನೇ ನಂಬರ್ ತೊಟ್ಟು ಜಿಮ್ ಬ್ರೌನ್ ಹೆಸರು ಮಾಡಿದರು. ಅವರ ನಂತರ ಅದೇ ಜೆರ್ಸಿ ಎರ್ನಿ ಡೇವಿಸ್‌ಗೆ ಸಿಕ್ಕಿತು. 1961ರಲ್ಲಿ ಅಲ್ಲಿನ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ ಮೊದಲ ಕಪ್ಪು ಜನಾಂಗದವರು ಡೇವಿಸ್. ವೃತ್ತಿಪರ ಪಂದ್ಯ ಒಂದನ್ನೂ ಆಡುವ ಮೊದಲೇ ರಕ್ತದ ಕ್ಯಾನ್ಸರ್‌ನಿಂದ 23ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗಲೂ ವಿಶ್ವವಿದ್ಯಾಲಯ 44ನ್ನು ಮಡಚಿಡಲಿಲ್ಲ, ಫ್ಲಾಯ್ಡ್ ಲಿಟ್ಲ್ ಎಂಬ ಇನ್ನೊಬ್ಬರಿಗೆ ಕೊಟ್ಟಿತು. ಅವರೂ ಅದರ ಮರ್ಯಾದೆ ಉಳಿಸಿದರು. 44 ರಿಟೈರ್ ಆದದ್ದು 2005ರಲ್ಲಿ. ಬ್ರೌನ್ ಹೋದ ವರ್ಷವೇ ಅದನ್ನು ಎತ್ತಿಟ್ಟಿದ್ದರೆ ಡೇವಿಸ್‌ಗೆ ಆ ನಂಬರ್ ಸಿಗುತ್ತಲೇ ಇರಲಿಲ್ಲ.

ನಮ್ಮ ಕಾಲೇಜುಗಳಲ್ಲಿ ಡಿಗ್ರಿ ಹುಡುಗ ಆಡುವುದು ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಪ್ರತಿ ಬ್ಯಾಚಿಗೂ ಅದರ ಸೀನಿಯರೇ ಹೀರೋ. ಬ್ಯಾಚಿಗೊಂದು ನಂಬರ್ ರಿಟೈರ್ ಆದರೆ ಹತ್ತು ವರ್ಷದಲ್ಲಿ ಹತ್ತು ನಂಬರ್ ಹೋಗುತ್ತದೆ. ಗೌರವಕ್ಕೂ ಬೆಲೆ ಉಳಿಯುವುದಿಲ್ಲ. ಹಾಗಾದರೆ ಅಳತೆ ಏನು? ನಮಗೆ ತೋಚಿದ್ದು ಇಷ್ಟು.

ಒಂದು, ಗೋಲಿನ ಲೆಕ್ಕ ಒಂದೇ ಸಾಲದು. ಇಲ್ಲದಿದ್ದರೆ ಗೋಲ್ ಕೀಪರ್‌ಗೂ ಡಿಫೆಂಡರ್‌ಗೂ ಎಂದಿಗೂ ಅವಕಾಶ ಇಲ್ಲ. ಎರಡು, ಆತ ಬರುವ ಮೊದಲು ತಂಡ ಹೇಗಿತ್ತು, ಹೋದ ಮೇಲೆ ಹೇಗಾಯಿತು ಎಂದು ನೋಡಬೇಕು. ಮೂರು, ಸೋತ ದಿನ ರೆಫ್ರಿಯ ಜೊತೆ, ಎದುರಾಳಿಯ ಜೊತೆ ಹೇಗೆ ನಡೆದುಕೊಂಡ? ನಾಲ್ಕು, ತೀರ್ಮಾನ ಆತನ ಗೆಳೆಯರದ್ದಾಗಬಾರದು. ಐದು ವರ್ಷ ಕಳೆದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕರು, ಹಳೆ ವಿದ್ಯಾರ್ಥಿಗಳು, ಈಗಿನ ತಂಡ ಒಟ್ಟಿಗೆ ಕೂತು ಮಾತಾಡಲಿ. ಆಗಲೂ ಆ ಹೆಸರು ಎಲ್ಲರ ಬಾಯಲ್ಲಿದ್ದರೆ ಆತ ಅರ್ಹ.

ಇಷ್ಟೆಲ್ಲ ಅಳತೆ ಬೇಡದ ಸಂದರ್ಭವೂ ಒಂದಿದೆ. ಅದು ನಡೆದದ್ದು ನಮ್ಮ ರಾಜ್ಯದಲ್ಲೇ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಶನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಗಾನ್ ವಿರುದ್ಧ ತನ್ನ ಎರಡನೇ ಗೋಲು ಹೊಡೆಯುವ ಹೊತ್ತಿಗೆ ಗೋಲ್ ಕೀಪರ್ ಜೊತೆ ಡಿಕ್ಕಿಯಾಗಿ ಕುಸಿದುಬಿದ್ದರು. ಮತ್ತೆ ಏಳಲಿಲ್ಲ. ವಯಸ್ಸು 25. ಡೆಂಪೊ 2-0ಯಿಂದ ಕಪ್ ಗೆದ್ದಿತು, ಆದರೆ ಸಂಭ್ರಮಿಸಲು ಯಾರಿಗೆ ಮನಸ್ಸಿತ್ತು? ಕ್ಲಬ್ ಅವರ 10ನೇ ನಂಬರನ್ನು ರಿಟೈರ್ ಮಾಡಿತು. ಅದನ್ನು ತಪ್ಪೆನ್ನುವವರು ಯಾರೂ ಇಲ್ಲ. ಆದರೆ ಮೈದಾನದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಎಷ್ಟಿತ್ತು ಎಂಬ ಪ್ರಶ್ನೆ ಆಗ ದೇಶವಿಡೀ ಎದ್ದಿತು.

ಇದರ ಪಕ್ಕದಲ್ಲೇ ಇನ್ನೊಂದು 10ನ್ನು ಇಟ್ಟು ನೋಡಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ಮೈದಾನದಲ್ಲೇ ಬಿದ್ದರು. ವೈದ್ಯರು ಓಡಿ ಬಂದು ಎದೆ ಒತ್ತಿದರು, ಯಂತ್ರದಿಂದ ಶಾಕ್ ಕೊಟ್ಟರು. ಎರಿಕ್ಸನ್ ಬದುಕಿದರು. 2022ರ ವಿಶ್ವಕಪ್‌ನಲ್ಲಿ ಅದೇ 10 ತೊಟ್ಟು ಆಡಿದರು.

ನಮ್ಮಲ್ಲಿ ಬೈಕ್ ಅಪಘಾತದಲ್ಲೋ, ಆಡುತ್ತಲೋ ತೀರಿಹೋದ ಗೆಳೆಯನ ಸ್ಮರಣಾರ್ಥ ಟೂರ್ನಮೆಂಟ್ ಮಾಡುವುದು ಹಿಂದಿನಿಂದ ಬಂದದ್ದು. ಟ್ರೋಫಿ ದೊಡ್ಡದೇ ಇರುತ್ತದೆ. ಗಲ್ಫಿನಲ್ಲಿರುವ ಅಣ್ಣಂದಿರು ಜೆರ್ಸಿಯ ಖರ್ಚು ನೋಡಿಕೊಳ್ಳುತ್ತಾರೆ. ಫ್ಲಡ್‌ಲೈಟ್, ಮೈಕ್, ಪಟಾಕಿ ಎಲ್ಲ ಇರುತ್ತದೆ. ಗ್ರೌಂಡಿನ ಬದಿಯಲ್ಲಿ ಒಂದು ಆ್ಯಂಬುಲೆನ್ಸ್, ಎದೆ ಒತ್ತಲು ಕಲಿತ ಇಬ್ಬರು ಹುಡುಗರು ಇರುತ್ತಾರೆಯೇ? ಎಷ್ಟೋ ಕಡೆ ಇಲ್ಲ. ಆ ಗೆಳೆಯನ ಉಮ್ಮ ಗ್ಯಾಲರಿಯ ಮೂಲೆಯಲ್ಲಿ ಕೂತು ನೋಡುತ್ತಿದ್ದರೆ, ಮಗನ ನಂಬರ್ ಯಾರೂ ತೊಡದಿರಲಿ ಎನ್ನುವುದಕ್ಕಿಂತ ಇನ್ನೊಬ್ಬರ ಮಗ ಹಾಗೆ ಬೀಳದಿರಲಿ ಎಂದೇ ದುಆ ಮಾಡಿಯಾರು.

ಆದ್ದರಿಂದ ನಮ್ಮ ಕಾಲೇಜು ತಂಡಗಳಿಗೆ ನಮ್ಮದೊಂದು ಸಲಹೆ. ಒಳ್ಳೆಯ ಆಟಗಾರನ ಜೆರ್ಸಿಯನ್ನು ಫ್ರೇಮ್ ಹಾಕಿ ಕಾಲೇಜಿನ ಗೋಡೆಗೆ ಏರಿಸಿ, ಹೆಸರು ಮತ್ತು ವರ್ಷ ಬರೆಯಿರಿ. ನಂಬರನ್ನು ಮಾತ್ರ ಮುಂದಿನವನಿಗೆ ಕೊಡಿ. ಕೊಡುವ ದಿನ ಆ ಸೀನಿಯರ್‌ನನ್ನೇ ಕರೆಸಿ, ಅವನ ಕೈಯಿಂದಲೇ ಕೊಡಿಸಿ. ಪೂರ್ತಿ ರಿಟೈರ್ ಮಾಡುವುದು ಅಪರೂಪಕ್ಕೆ ಇರಲಿ. ಆ ದಿನ ಪ್ರಥಮ ಚಿಕಿತ್ಸೆಯ ತರಬೇತಿಯೂ ನಡೆಯಲಿ.

ಮಾರನೇ ದಿನ ಆ ಅಂಗಡಿಯಲ್ಲಿ ವಿಚಾರಿಸಿದೆವು. ಪಟ್ಟಿ ಬಂದಿತ್ತು. 10ರ ಎದುರು ಆ ಮೊದಲ ವರ್ಷದ ಹುಡುಗನ ಹೆಸರು. ಸೀನಿಯರ್ ಫೋನ್ ಮಾಡಿ "ಅವನಿಗೇ ಕೊಡಿ ಮಾರಾಯ, ನಾನೂ ಯಾರೋ ಕೊಟ್ಟಿದ್ದನ್ನೇ ಹಾಕಿದ್ದು" ಎಂದನಂತೆ.