ಹಿತ್ತಲಲ್ಲೊಂದು ಮಜ್ಜಿಗೆ ಹುಲ್ಲಿನ ಬುಡ



ಮಜ್ಜಿಗೆ ಹುಲ್ಲನ್ನು ನೀವೆಲ್ಲ ಬಲ್ಲಿರಿ. ನಿಂಬೆ ಹುಲ್ಲು ಎಂದೂ ಕರೆಯುತ್ತಾರೆ. ಎಲೆ ಹೊಸಕಿದರೆ ನಿಂಬೆಹಣ್ಣಿನ ಘಮಲು. ಮಜ್ಜಿಗೆಗೆ ಎರಡು ಎಲೆ ಹಾಕಿದರೆ ರುಚಿಯೇ ಬೇರೆ. ಆದರೆ "ಎರಡು ಸಲ ನೆಟ್ಟೆವು ಸ್ವಾಮಿ, ಎರಡು ಸಲವೂ ಹೋಯಿತು" ಎಂಬ ಮಾತನ್ನು ಅರಸೀಕೆರೆ ಕಡೆಯಲ್ಲೂ ಕೇಳಿದ್ದೇನೆ, ಬೇಲೂರು ಕಡೆಯಲ್ಲೂ ಕೇಳಿದ್ದೇನೆ. ಗಿಡ ಒಂದೇ, ಸಾಯುವ ಕಾರಣ ಬೇರೆ. ಅಲ್ಲಿ ನೀರು ಸಾಲದೆ ಒಣಗುತ್ತದೆ, ಇಲ್ಲಿ ನೀರು ನಿಂತು ಕೊಳೆಯುತ್ತದೆ.

ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಹಳೇಬೀಡಿನ ಹತ್ತಿರದ ಒಂದು ಮನೆಯಲ್ಲಿ, ಬಚ್ಚಲ ನೀರು ದಂಡವಾಗುತ್ತಿದೆಯಲ್ಲಾ ಎಂದು ಬಚ್ಚಲ ಗುಂಡಿಯ ಅಂಚಿನಲ್ಲೇ ನೆಡಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬುಡ ಕಪ್ಪಾಗಿ ಕೈಗೇ ಕಿತ್ತು ಬಂತು. "ಹುಲ್ಲು ಹೋಯಿತು, ಸೊಳ್ಳೆ ಉಳಿಯಿತು ಕಣಪ್ಪ" ಎಂದರು ಆ ಮನೆಯ ಅಜ್ಜಿ. ಮಾತು ನಿಜ. ಈ ಹುಲ್ಲು ನೆಟ್ಟ ಮಾತ್ರಕ್ಕೆ ಸೊಳ್ಳೆ ಓಡುವುದಿಲ್ಲ. ನಿಂತ ನೀರನ್ನು ಹರಿಯಬಿಟ್ಟರೆ ಹುಲ್ಲೂ ಉಳಿಯುತ್ತದೆ, ಸೊಳ್ಳೆಯೂ ಕಡಿಮೆಯಾಗುತ್ತದೆ.

ಇನ್ನು ನೆಡುವ ಬಗೆ. ಬೀಜ ಹುಡುಕಬೇಡಿ. ನೆರೆಮನೆಯ ಹಳೇ ಬುಡದಿಂದ ಬೇರುಸಹಿತ ನಾಲ್ಕಾರು ತೆಂಡೆ ಕೇಳಿ ತನ್ನಿ. ಒಣ ಎಲೆ ಸುಲಿದು, ಗೇಣುದ್ದ ಬಿಟ್ಟು ಮೇಲಿನದನ್ನು ಕತ್ತರಿಸಿ. ಬಿಸಿಲು ಬೀಳುವ ಕಡೆ 2 ಅಡಿಗೊಂದು ಗುಂಡಿ ತೆಗೆದು, ಎರಡು ಬೊಗಸೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗುಂಡಿಗೆ ಎರಡೆರಡು ತೆಂಡೆ ನೆಡಿ. 2-3 ಅಂಗುಲ ಆಳ ಸಾಕು. ಬುಡದ ಮಣ್ಣನ್ನು ತುಳಿದು ಬಿಗಿ ಮಾಡಿ.

ನೆಡುವ ಮುಂಚೆ ಗುಂಡಿಗೆ ಒಂದು ಬಿಂದಿಗೆ ನೀರು ಸುರಿದು ನೋಡಿ. ಬಹಳ ಹೊತ್ತು ನೀರು ಇಂಗದಿದ್ದರೆ ಒಂದಡಿ ಎತ್ತರದ ಏರುಮಡಿ ಮಾಡಿ ನೆಡಿ. ಬೇಲೂರು ಕಡೆಯವರು ರೋಹಿಣಿ, ಮೃಗಶಿರ ಮಳೆಗೇ ನೆಟ್ಟುಬಿಟ್ಟರೆ, ಜಡಿಮಳೆ ಹಿಡಿಯುವ ಹೊತ್ತಿಗೆ ಬೇರು ಊರಿರುತ್ತದೆ. ನೀರು ಬೇಗ ಇಂಗಿದರೆ ತಗ್ಗುಪಾತಿ ಮಾಡಿ. ಅರಸೀಕೆರೆ ಕಡೆಯವರಿಗೆ ಉತ್ತರೆ, ಹಸ್ತ ಮಳೆಯೂ ಅನುಕೂಲ. ಮೊದಲ ಒಂದು ತಿಂಗಳು ಮಣ್ಣು ಒಣಗಗೊಡಬೇಡಿ. ಕಾಯಿಮಟ್ಟೆ, ತೆಂಗಿನ ಗರಿ ನಿಮ್ಮಲ್ಲಿ ಇದ್ದೇ ಇದೆ. ಬುಡದ ಸುತ್ತ ಹೊದಿಸಿ, ತೇವ ನಿಲ್ಲುತ್ತದೆ.

3 ತಿಂಗಳಿಗೆ ಮೊದಲ ಕೊಯ್ಲು. ನೆಲದಿಂದ 4 ಅಂಗುಲ ಬಿಟ್ಟು ಕುಡುಗೋಲಿನಲ್ಲಿ ಕೊಯ್ಯಿರಿ. ಎಲೆಯ ಅಂಚು ಹರಿತ, ಮಕ್ಕಳ ಕೈ ಜೋಪಾನ. ಆಮೇಲೆ ಎರಡು ತಿಂಗಳಿಗೊಮ್ಮೆ ಕೊಯ್ದು, ಒಂದು ಬೊಗಸೆ ಗೊಬ್ಬರ ಕೊಡಿ. ಮೂರು ನಾಲ್ಕು ವರ್ಷಕ್ಕೆ ಬುಡದ ನಡು ಒಣಗುತ್ತದೆ. ಆಗ ಅಗೆದು, ಅಂಚಿನ ಹಸಿ ತೆಂಡೆ ಬೇರೆ ಜಾಗಕ್ಕೆ ನೆಡಿ, ನೆರೆಯವರಿಗೂ ಕೊಡಿ.

ಕೊನೆಗೊಂದು ಮಾತು. ಈ ಹುಲ್ಲಿನ ಕಷಾಯ ನಾಲಿಗೆಗೆ ಹಿತ, ಜ್ವರಕ್ಕೆ ಮದ್ದಲ್ಲ. ಮಗುವಿಗೆ ಜ್ವರ ಬಂದರೆ ಕಷಾಯ ಕೊಟ್ಟು ಕಾಯುತ್ತ ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈ ಸಲ ಮೊದಲು ನೀರಿನ ದಾರಿ ನೋಡಿ, ಆಮೇಲೆ ಗುಂಡಿ ತೆಗೆಯಿರಿ.