ಗಂಜಲದೊಡನೆ ಹರಿದುಹೋಗುವ ಸಾರಜನಕ

ನೀವು ದುಡ್ಡು ಕೊಟ್ಟು ತರುವ ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕವಿದೆ. ಅದೇ ಯೂರಿಯಾ ನಿಮ್ಮ ಹಸುವಿನ ಗಂಜಲದಲ್ಲಿಯೂ ಇದೆ. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು, ಅದು ಅಮೋನಿಯವಾಗಿ ಗಾಳಿಗೆ ಸೇರುತ್ತಿರುವ ಗುರುತು.

ಹಸು ಮೇವಿನಲ್ಲಿ ತಿಂದ ಸಾರಜನಕದ ಬಹುಪಾಲು ಸಗಣಿ, ಗಂಜಲಗಳಲ್ಲಿಯೇ ಹೊರಬೀಳುತ್ತದೆ. ಸಗಣಿ ತಿಪ್ಪೆ ಸೇರುತ್ತದೆ; ಗಂಜಲ ಚರಂಡಿಗೆ ಹೋಗುತ್ತದೆ. ಇದನ್ನು ತಡೆಯುವುದು ಕಷ್ಟವೇನಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ನಾಲಾ ಬಯಲಿನಲ್ಲಿ ಕಬ್ಬಿನ ತರಗು ಧಾರಾಳವಾಗಿದೆ. ಅದನ್ನು ಸುಡದೆ, ಕತ್ತರಿಸಿ ಹಸುಗಳ ಕೆಳಗೆ ಹಾಸಿರಿ. ನಾಗಮಂಗಲ, ಕೃಷ್ಣರಾಜಪೇಟೆಗಳ ಖುಷ್ಕಿ ಭಾಗದವರು ಒಣ ಎಲೆ, ದನ ತಿಂದುಳಿದ ರಾಗಿಹುಲ್ಲು, ಒಣ ಮಣ್ಣುಗಳನ್ನು ಬಳಸಬಹುದು. ಗಂಜಲ ಹೀರಿದ ಹಾಸನ್ನು ದಿನವೂ ಗುಂಡಿಗೆ ಹಾಕಿ ತೆಳುವಾಗಿ ಮಣ್ಣು ಮುಚ್ಚಿರಿ. ಗೊಬ್ಬರವನ್ನು ಹೊಲಕ್ಕೆ ಸಾಗಿಸಿದ ದಿನವೇ ಉತ್ತು ಮಣ್ಣಿಗೆ ಸೇರಿಸಿರಿ. ಗುಡ್ಡೆಗಳಾಗಿ ಬಿಸಿಲಿಗೆ ಬಿಡಬೇಡಿರಿ.

ಹಸುವನ್ನು ಗೂಟಕ್ಕೆ ಕಟ್ಟಿ ಮೇಯಿಸುವವರು ಜಾಗವನ್ನು ದಿನವೂ ಬದಲಿಸಬೇಕು. ಒಂದೇ ಕಡೆ ಗಂಜಲ ಬಿದ್ದರೆ ಹುಲ್ಲಿನ ಬೇರು ಅಷ್ಟು ಸಾರಜನಕವನ್ನು ಹೀರಲಾರದು. ಉಳಿದದ್ದು ನೈಟ್ರೇಟಾಗಿ, ಮಳೆನೀರಿನೊಡನೆ ಇಳಿದು, ನೀವು ಕುಡಿಯುವ ಬಾವಿಯನ್ನೇ ಸೇರೀತು.

ಮುಂಗಾರಿಗೆ ಯೂರಿಯಾ ತರಲು ಹೊರಡುವ ಮೊದಲು ಕೊಟ್ಟಿಗೆಯ ಚರಂಡಿಯನ್ನೊಮ್ಮೆ ನೋಡಿರಿ.